ಪ್ಲಾಸ್ಮಾಕ್ಕೊಂದು ಡಬ್ಬಿ ಉಪ್ಪು

ವಯಸ್ಸಾದಂತೆ ಮನುಷ್ಯನಿಗೆ ತಪ್ಪು ಒಪ್ಪಿಕೊಳ್ಳುವ ಧೈರ್ಯ ಬರುತ್ತದಂತೆ. ನನಗಿನ್ನೂ ಬಂದಿಲ್ಲ, ತಪ್ಪು ಮಾಡುವ ಧೈರ್ಯ ಮಾತ್ರ ಮೊದಲಿನಿಂದಲೂ ಧಾರಾಳವಾಗಿತ್ತು. ಎಂಬತ್ತರ ದಶಕದಲ್ಲಿ ನಾನು ಅಹಮದಾಬಾದಿನ ಒಂದು ಪ್ರಯೋಗಾಲಯದಲ್ಲಿ ಆಂಟೆನಾ ಮಾಡುತ್ತಿದ್ದೆ. ಆಂಟೆನಾ ಎಂದೊಡನೆ ಮಣಿನಗರದ ನೆರೆಹೊರೆಯವರು ತಮ್ಮ ಟಿ.ವಿ. ಸರಿಮಾಡಿಸಲು ನನ್ನನ್ನು ತಾರಸಿ ಹತ್ತಿಸುತ್ತಿದ್ದರು. ನನ್ನದು ಅದಲ್ಲ ಸ್ವಾಮಿ! ಸೂರ್ಯನ ಒಡಲಲ್ಲಿರುವಂಥ, ಪ್ಲಾಸ್ಮಾ ಎಂಬ ಉರಿಯುವ ಅನಿಲಕ್ಕೆ ರೇಡಿಯೋ ಅಲೆಗಳನ್ನು ಉಣಿಸಿ ಇನ್ನಷ್ಟು ಕಾಯಿಸುವ ತಾಮ್ರದ ಪಟ್ಟಿ ಅದು. "ಸ್ನಾನದ ನೀರು ಕಾಯಿಸೋಕೆ ಬಾರದೋರು ಸೂರ್ಯನ್ನ ಕಾಯಿಸ್ತಾರಂತೆ" ಎಂದು ನನ್ನ ಹೆಂಡತಿ ಶಾರದೆ ನಗುತ್ತಿದ್ದಳು.

ಎಂಟು ತಿಂಗಳು ಹೆಣಗಿ ಆಂಟೆನಾ ಮುಗಿಸಿದೆ. ಪ್ಲಾಸ್ಮಾದ ಮುಂದಿಡುವ ಮೊದಲು ಅದನ್ನು ಒಂದು ಡ್ರಮ್ ಉಪ್ಪುನೀರಿನ ಮುಂದಿಟ್ಟು ನೋಡುವುದು ಪದ್ಧತಿ. ಉಪ್ಪುನೀರು ಥೇಟ್ ಪ್ಲಾಸ್ಮಾದ ಹಾಗೆ ಅಲೆಗಳನ್ನು ನುಂಗುತ್ತದೆ. ನುಂಗದಿದ್ದರೆ ಕಳಿಸಿದ ಶಕ್ತಿಯೆಲ್ಲ ವಾಪಸು. "ಶನಿವಾರ ಹನ್ನೊಂದಕ್ಕೆ ಬರುತ್ತೇನೆ. ಶಕ್ತಿ ವಾಪಸು ಬಂದರೆ ನಿಮ್ಮ ವಿನ್ಯಾಸ ಗುಜರಿಗೆ" ಎಂದಿದ್ದರು ದೊಡ್ಡ ಸಾಹೇಬರು. ಸ್ಟೋರಿನಿಂದ ಉಪ್ಪು ಬಂದಿರಲಿಲ್ಲ. ಊಟಕ್ಕಲ್ಲದೆ ಅಡುಗೆಮನೆಗೆ ಕಾಲಿಡದ ನಾನು ಶನಿವಾರ ಬೆಳಿಗ್ಗೆ ಶಾರದೆ ಸ್ನಾನಕ್ಕೆ ಹೋದಾಗ ಒಳನುಗ್ಗಿ, ಒಂದು ಸ್ಟೀಲ್ ಡಬ್ಬಿಯನ್ನು ಚೀಲಕ್ಕೆ ಬರಿದುಮಾಡಿ ಸ್ಕೂಟರ್ ಹತ್ತಿದೆ. ಬೆಳ್ಳಗಿತ್ತು, ಹರಳುಹರಳಾಗಿತ್ತು. ಅದಕ್ಕಿಂತ ಹೆಚ್ಚು ವಿಚಾರಿಸಲಿಲ್ಲ.

ಹತ್ತು ಗಂಟೆಗೆ ಅದನ್ನು ಡ್ರಮ್ಮಿನ ನೀರಿಗೆ ಕದಡಿ, ಅಲೆ ಕಳಿಸುವ ಯಂತ್ರ ಚಾಲೂ ಮಾಡಿದೆ. ಶಕ್ತಿಯೆಲ್ಲ ವಾಪಸು! ಕೀಲು ತಿರುಗಿಸಿದೆ, ಬಿಗಿಮಾಡಿದೆ, ಸಡಿಲಿಸಿದೆ, ಮನೆದೇವರಿಗೆ ಹರಕೆ ಹೊತ್ತೆ. ಮೀಟರಿನ ಮುಳ್ಳು ಕದಲಲಿಲ್ಲ. ನನ್ನ ಎಂಟು ತಿಂಗಳು ಗುಜರಿಗೆ ಹೋಯಿತೆಂದು ನೆಲದ ಮೇಲೆ ಕುಕ್ಕರಿಸಿದೆ, ನಿಜಕ್ಕೂ ಅಳು ಬಂತು. ನಮ್ಮ ಟೆಕ್ನಿಷಿಯನ್ ರಮಣಭಾಯಿ ಮಾತ್ರ ಡ್ರಮ್ಮಿಗೆ ಬೆರಳದ್ದಿ ನೆಕ್ಕಿದ. "ಸಾಹೇಬ್, ಆ ತೋ ಶರಬತ್ ಛೇ!"

ನಾನೂ ನೆಕ್ಕಿದೆ. ಶರಬತ್ತೇ! ಸಕ್ಕರೆ ನೀರಿಗೆ ಅಲೆಗಳನ್ನು ನುಂಗುವ ಅಭ್ಯಾಸವಿಲ್ಲ. ರಮಣಭಾಯಿ ಗೇಟಿನ ಅಂಗಡಿಯಿಂದ ಉಪ್ಪು ತಂದ. ಹೊಸ ನೀರು ತುಂಬಿ ಯಂತ್ರ ಹಾಕಿದರೆ, ಆಹಾ, ಕೊಟ್ಟದ್ದನ್ನೆಲ್ಲ ಗಟಗಟ ನುಂಗಿ ಡ್ರಮ್ಮು ಬೆಚ್ಚಗಾಯಿತು! ನಾವಿಬ್ಬರೂ ಕೈಕೈ ಹಿಡಿದು ಗರ್ಬಾ ಕುಣಿಯುತ್ತಿದ್ದಾಗ ಸಾಹೇಬರು ಒಳಬಂದರು. ನಾನು ಅಳತೆಗಳನ್ನು ಬರೆದಿಟ್ಟಿದ್ದ ಪುಸ್ತಕ ತೆಗೆದು, "ಮೊದಲ ಪುಟದಲ್ಲಿ ಎಲ್ಲ ವಾಪಸು ಬಂದಿದೆಯಲ್ಲ, ಅದೇನು?" ಎಂದರು.

"ಸಕ್ಕರೆ ನೀರು, ಸಾರ್" ಎಂದೆ. ಬಾಯಿಗೆ ಸುಳ್ಳು ಸಿಗಲಿಲ್ಲ.

ಅವರು ಕನ್ನಡಕ ತೆಗೆದರು. "ಅಂದರೆ ನುಂಗುತ್ತಿರುವುದು ಉಪ್ಪುನೀರೇ ಹೊರತು ಡ್ರಮ್ಮಲ್ಲ ಎಂದು ಮೊದಲೇ ಖಚಿತಮಾಡಿಕೊಂಡಿರಿ! ಇಷ್ಟು ಮುತುವರ್ಜಿ ಇಲ್ಲಿ ಯಾರೂ ವಹಿಸಿಲ್ಲ." ರಮಣಭಾಯಿ ಕೆಮ್ಮಿದ. ನಾನು ವಿನಯದಿಂದ ತಲೆ ತಗ್ಗಿಸಿದೆ.

ಸಂಜೆ ಶಾರದೆ ಬಾಗಿಲಲ್ಲೇ ಹಿಡಿದಳು. "ರೇಷನ್ ಸಕ್ಕರೆ ಕಣ್ರೀ ಅದು! ತಿಂಗಳಿಡೀ ಕಾಫಿಗೆ ಏನ್ ಹಾಕ್ಲಿ, ನಿಮ್ಮ ಆಂಟೆನಾನಾ?"

ಸಾಹೇಬರ ಆಜ್ಞೆಯಂತೆ ಅಂದಿನಿಂದ ನಮ್ಮಲ್ಲಿ ಯಾವುದೇ ಹೊಸ ಆಂಟೆನಾಕ್ಕೂ ಮೊದಲು ಸಕ್ಕರೆ ನೀರಿನ ಪರೀಕ್ಷೆ ಕಡ್ಡಾಯವಾಯಿತು. ಹೊಸದಾಗಿ ಸೇರಿದವರು ಇದನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಿದ್ದರು. ಹೇಗೆ ಹೊಳೆಯಿತು ಸಾರ್ ಎಂದು ಅವರು ಕೇಳಿದಾಗಲೆಲ್ಲ ನಾನು ಕಿಟಕಿಯಾಚೆ ನೋಡುತ್ತ, ತುಂಬ ಹೊತ್ತು ಯೋಚಿಸಿದವನಂತೆ, "ಅನುಭವ" ಎನ್ನುತ್ತಿದ್ದೆ.