ಗುರ್ಜಿ ಹೊತ್ತ ಹೊಳೆಯಪ್ಪ

ಗುರ್ಜಿ ಹೊತ್ತದ್ದು ಹೊಳೆಯಪ್ಪನ ತಪ್ಪಲ್ಲ. ಮಳೆ ಬಂದ ಮೇಲೆ ಬಾಯಿ ಮುಚ್ಚಿಕೊಂಡಿರದೆ ಹೋದದ್ದು ತಪ್ಪು.

ಆ ವರ್ಷ ಶ್ರಾವಣ ಒಣಗಿತ್ತು. ಗಬ್ಬೂರಿನವರು ಮಳೆ ಬೇಡಲು ರೊಟ್ಟಿಹಂಚಿನ ಮೇಲೆ ಸಗಣಿಯ ಗುರ್ಜಿ ಬೊಂಬೆ ಮಾಡಿ, ಹೊಳೆಯಪ್ಪನ ತಲೆಯ ಮೇಲೆ ಹೊರಿಸಿ, ಮನೆಮನೆಯ ಮುಂದೆ ನೀರು ಸುರಿದರು. ಮರುದಿನವೇ ಮಳೆ!

"ಎಲ್ಲಾ ನನ್ನ ತಲಿಗುಣ!" ಎಂದು ಅವನು ಹೊಸ ಗೆಜ್ಜೆ ಕಟ್ಟಿದ ಎತ್ತಿನಂತೆ ಮೆರೆದ. ಎದುರುಮನೆಯ ಹುಲಿಗೆವ್ವ ಆ ಗುಣಕ್ಕೇ ಮೆಚ್ಚಿ, ಮಗಳು ವಿದ್ಯಾಳನ್ನು ಅವನ ಮಗ ಹನಮೇಶನಿಗೆ ಕೊಡುವುದಾಗಿ ಮಾತು ಕೊಟ್ಟಳು. ಹುಡುಗನಿಗೂ ಹುಡುಗಿಗೂ ಅದೇ ಬೇಕಿತ್ತು.

ದಸರಾ ಮುಗಿಯುತ್ತಲೇ ಮುಗಿಲು ಹರಿದುಬಿತ್ತು. ಬೆಳಗ್ಗೆ ಎದ್ದು ನೋಡಿದರೆ ಹುಲಿಗೆವ್ವನ ಅಂಗಳದ ಗೋಡೆ ಬೀದಿಯಲ್ಲಿ ಮಲಗಿತ್ತು.

"ಹೊಳೆಯಪ್ಪಾ, ಹೊರಗ ಬಾ! ಮಳಿ ತಾ ಅಂದ್ರ ಸಮುದ್ರನ ತಂದ್ಯಲ್ಲ! ಇಂಥಾ ಮನಿಗೆ ನಾ ಹೆಣ್ಣ ಕೊಡಂಗಿಲ್ಲ ನೋಡು!"

ಪಕ್ಕದ ಮನೆಯ ಅಹಮದಸಾಬ ಛತ್ರಿ ಹಿಡಿದು ಬಂದ. "ಕಾಕಾ, ಒಂದು ಕೊಡ ಸಾಕಿತ್ತು. ನೀವು ಓಣಿದೆಲ್ಲಾ ಹೊಯ್ಸಿಕೊಂಡ್ರಿ."

ಹೊಳೆಯಪ್ಪ ಪಟ್ಟಣದ ಕೇಶ್ವಾಪುರಕ್ಕೆ ಓಡಿದ. ಅವನು ಹಾಲು ಹಾಕುವ ಮನೆಯ ರಮಾಕಾಂತ ಕಾಲೇಜಿನಲ್ಲಿ ಭೂಗೋಳ ಕಲಿಸುವವರು. ಭೂಮಿ ಬಿಸಿಯೇರಿದ್ದಕ್ಕೇ ಮಳೆ ಹೀಗೆ ಕೆಟ್ಟಿದೆ ಎಂದು ಒಮ್ಮೆ ಅವರೇ ಹೇಳಿದ್ದರು. ಅವರನ್ನು ಕೈಮುಗಿದು ಕರೆತಂದ.

ರಮಾಕಾಂತ ಕೆಸರಿನಲ್ಲಿ ಪ್ಯಾಂಟು ಮಡಚಿ ನಿಂತರು. "ಒಂದು ಮಳಿ ತೋರಿಸಿ, ಇದು ಭೂಮಿ ಬಿಸಿ ಏರಿದ್ದರಿಂದನ ಆತು ಅಂತ ಹೇಳ್ಲಿಕ್ಕೆ ಬರೂದಿಲ್ರಿ. ಆದರ ಸಮುದ್ರ ಕಾಯ್ದಷ್ಟೂ ಮೋಡ ಹೆಚ್ಚು ನೀರು ಹೊರತಾವ. ಇಂಥಾ ಮಳಿ ಇನ್ನ ಜಾಸ್ತಿನ ಆಗ್ತಾವ."

"ಗುರ್ಜಿದೇನರ ಪಾಲು ಐತೇನ್ರಿ?" ಹುಲಿಗೆವ್ವ ಕೇಳಿದಳು.

"ಸಾಸಿವಿಕಾಳಷ್ಟೂ ಇಲ್ಲ ತಾಯಿ."

ಹೊಳೆಯಪ್ಪ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿದ. "ಕೇಳಿದ್ಯೇನವಾ? ನಂದೇನೂ ಇಲ್ಲ!"

ಅಹಮದಸಾಬನಿಗೆ ಸುಮ್ಮನಿರಲು ಬರುತ್ತಿರಲಿಲ್ಲ. "ಸರ್, ಹಂಗಾರ ಶ್ರಾವಣದಾಗಿನ ಮಳಿ?"

"ಅದೂ ತಾನಾಗೇ ಬಂದದ್ದು."

ಹುಲಿಗೆವ್ವ ಸೆರಗು ಬಿಗಿದಳು. "ಹಂಗಾರ ಏನ ನೋಡಿ ನಾ ಈ ಮನಿಗೆ ಹೆಣ್ಣ ಕೊಡ್ಲಿ?"

ಹೊಳೆಯಪ್ಪ ಅವಳ ದಾರಿಗೆ ಅಡ್ಡ ನಿಂತ. "ಸುಳ್ಳೈತಿ! ಆ ಮಳಿ ನಾನ ತಂದದ್ದು! ಈ ಮಳೀನೂ ನಂದ! ಗ್ವಾಡಿ ಕೆಡವಿದಾವನೂ ನಾನ!"

"ಎಲ್ಲಾರೂ ಕೇಳಿದ್ರಲ್ಲ? ಕೆಡವಿದಾವ ಕಟ್ಟಿಕೊಡ್ಲಿ. ಹೆಣ್ಣ ಕೊಡೂ ಮಾತು ಮುಗೀತು."

ಮಳೆ ನಿಂತ ಮೇಲೆ ಹನಮೇಶ ಮಣ್ಣು ಕಲಸಿದ, ಅಪ್ಪ ಕಲ್ಲು ಹೊತ್ತ. ಮಗನ ಮುಖ ನೋಡುವ ಧೈರ್ಯ ಅಪ್ಪನಿಗಿರಲಿಲ್ಲ. ಅಂಗಳದಲ್ಲಿ ವಿದ್ಯಾ ಬಟ್ಟೆ ಹಿಂಡುತ್ತ ನಿಂತಿದ್ದಳು. ಗೋಡೆ ಏರಿತು. ಮೊದಲು ಅವಳ ಪಾದ, ಆಮೇಲೆ ಕೈ, ಕೊನೆಗೆ ಹನಮೇಶನತ್ತ ತಿರುಗಿದ್ದ ಮುಖವೂ ಮರೆಯಾಯಿತು.