ಕಂಪ್ಲಿಯವರು ಕದಿಯಬೇಕಾದ ಸೀಟಿ

ತೊಂದರೆಗೆಲ್ಲ ಕಾರಣ ಹೆಬ್ಬೆರಳಿನಷ್ಟುದ್ದದ ಒಂದು ಹಿತ್ತಾಳೆ ಸೀಟಿ. ಹೊಸಪೇಟೆ ಮತ್ತು ಕಂಪ್ಲಿಯ ಎರಡು ಕಾಲೇಜುಗಳ ವಾರ್ಷಿಕ ಕಬಡ್ಡಿ ಪಂದ್ಯದಲ್ಲಿ ನಲವತ್ತು ವರ್ಷಗಳಿಂದ ಊದುವುದು ಅದನ್ನೇ. ಸೀಟಿ ಒಂದು ಕಾಲೇಜಿನಲ್ಲಿದ್ದರೆ ಪಂದ್ಯಕ್ಕೆ ಮುಂಚೆ ಇನ್ನೊಂದು ಕಾಲೇಜಿನವರು ಅದನ್ನು ಕದ್ದೊಯ್ಯಬೇಕು. ದೂರು ಕೊಡುವಂತಿಲ್ಲ, ಕೇಳಿ ಪಡೆಯುವಂತೆಯೂ ಇಲ್ಲ.

ಈ ಸಲ ಸೀಟಿ ಹೊಸಪೇಟೆಯಲ್ಲಿತ್ತು. ಕಾಲೇಜಿಗೆ ಅಂಕ ಕೊಡುವ ಪರಿಶೀಲನಾ ಸಮಿತಿ ಬರುವ ದಿನಕ್ಕೆ ಈ ಪರಂಪರೆಯದೊಂದು ಪುಟ್ಟ ಮ್ಯೂಸಿಯಂ ಮಾಡುವ ಕೆಲಸ ಇತಿಹಾಸದ ಅತಿಥಿ ಉಪನ್ಯಾಸಕಿ ಶ್ರೀವಾಣಿಯ ತಲೆಗೆ ಬಿತ್ತು. ಗೋಡೆಗೆ ಹಳೆಯ ಫೋಟೊಗಳು, ಹರಿದ ಜೆರ್ಸಿಗಳು. ನಡುವೆ ಗಾಜಿನ ಪೆಟ್ಟಿಗೆಯಲ್ಲಿ, ಹಸೆಗೆ ಕೂತ ಮದುಮಗಳಂತೆ ಮಖಮಲ್ ಮೇಲೆ ಸೀಟಿ.

“ಸಮಿತಿ ಹೋಗೋತನಕ ಅದು ಅಲ್ಲೇ ಇರಬೇಕ್ರಿ ಮೇಡಂ,” ಎಂದರು ಪ್ರಾಂಶುಪಾಲ ವೆಂಕೋಬರಾಯರು. “ಅಂಕ ಕಮ್ಮಿ ಆದ್ರ ಮುಂದಿನ ವರ್ಷ ನಿಮ್ಮನ್ನ ಕರಿಯೋದು ನನ್ನ ಕೈಯಾಗಿಲ್ಲ ನೋಡ್ರಿ.”

ಶ್ರೀವಾಣಿ ಎರಡು ಬೀಗ ಜಡಿದು, ಬೀಗದ ಕೈಗಳನ್ನು ಐಡಿ ಕಾರ್ಡಿನ ದಾರಕ್ಕೆ ಕಟ್ಟಿಕೊಂಡಳು.

ಕಸ ಗುಡಿಸುತ್ತಿದ್ದ ಎರ್ರೆಮ್ಮ ಮರುಗಿದಳು. “ಹಿಂಗ ಎಲ್ಡೆಲ್ಡು ಬೀಗ ಹಾಕಿದ್ರ ಪಾಪ, ಕಂಪ್ಲಿ ಹುಡುಗ್ರು ಹೆಂಗ ಕದೀಬೇಕ್ರಿ ಅಮ್ಮಾ?”

“ಒಂದು ಕಿಟಕಿನಾರ ತೆಗದಿಡ್ರಿ,” ಎಂದ ಕ್ರೀಡಾ ನಿರ್ದೇಶಕ ರಾಯಣ್ಣ. “ನಮಗೂ ಮರ್ಯಾದಿ ಅಂತ ಐತೋ ಇಲ್ಲೋ?” ತಾನೇ ಹೋಗಿ ತೆರೆದ. ಶ್ರೀವಾಣಿ ಮುಚ್ಚಿದಳು.

ಹತ್ತು ಗಂಟೆಗೆ ಫ್ಯಾನ್ ರಿಪೇರಿಗೆಂದು ಬಂದವನ ಬನಿಯನ್ ಬೆನ್ನಿಗೆ ‘ಕಂಪ್ಲಿ ಕಬಡ್ಡಿ’ ಎಂದಿತ್ತು. ಓಡಿಸಿದಳು. ಹನ್ನೆರಡಕ್ಕೆ ಕೊರಿಯರ್‌ನವನೊಬ್ಬ ಬಂದ; ಅವನ ಪಾರ್ಸೆಲ್ ಖಾಲಿ ಇತ್ತು. ಅವನನ್ನೂ ಓಡಿಸಿದಳು. ಒಂದಕ್ಕೆ ನಿಜವಾದ ಎಲೆಕ್ಟ್ರಿಷಿಯನ್ ಬಂದ, ಅವನೂ ಉಳಿಯಲಿಲ್ಲ. ಹೀಗಾಗಿ ಸಮಿತಿ ಬಂದಾಗ ಫ್ಯಾನ್ ತಿರುಗದೆ ಎಲ್ಲರೂ ಕುಕ್ಕರಿನೊಳಗಿನ ಬೇಳೆಯಂತೆ ಬೇಯುತ್ತಿದ್ದರು.

ಸಮಿತಿಯ ಅಧ್ಯಕ್ಷರು ಬಿಳಿ ಸಫಾರಿ ತೊಟ್ಟ ಗಂಭೀರ ಹಿರಿಯರು. ಫೋಟೊಗಳ ಕೆಳಗೆ ಶ್ರೀವಾಣಿ ಬರೆದು ಅಂಟಿಸಿದ್ದ ಒಂದೊಂದು ಚೀಟಿಯನ್ನೂ ಬಿಡದೆ ಓದಿದರು.

“ಭಾಳ ಚಂದ ಬರದೀಯವ್ವಾ. ಸೀಟಿ ಇನ್ನೂ ಊದ್ತೈತೇನು?”

ಶ್ರೀವಾಣಿ ತಾನೇ ಎರಡೂ ಬೀಗ ತೆಗೆದಳು. ಅವರು ಒಮ್ಮೆ ಊದಿದರು. ಕಣ್ಣು ತೇವವಾಯಿತು.

“ಬರ್ರಿ ಸರ್, ಉಪ್ಪಿಟ್ಟು ಆರ್ತದ!” ಎಂದು ವೆಂಕೋಬರಾಯರು ಎಲ್ಲರನ್ನೂ ಹೊರಡಿಸಿದರು. ಅಧ್ಯಕ್ಷರ ಕೈ ಪೆಟ್ಟಿಗೆಯೊಳಗೆ ಹೋಗಿ ಬಂತು. ಶ್ರೀವಾಣಿ ಅವರ ಒದ್ದೆ ಕಣ್ಣುಗಳನ್ನೇ ನೋಡುತ್ತ ಎರಡೂ ಬೀಗ ಹಾಕಿದಳು.

ಕಾರು ಗೇಟು ದಾಟಿದ ಮೇಲೆ ಎರ್ರೆಮ್ಮ ಗಾಜಿಗೆ ಮೂಗು ಒತ್ತಿ ನಿಂತಳು. “ಅಮ್ಮಾ, ಸೀಟಿ ಎಲ್ಲೈತ್ರಿ?”

ಮಖಮಲ್ ಮೇಲೆ ಅದರ ಅಚ್ಚಷ್ಟೇ ಉಳಿದಿತ್ತು.

“ಉಳೀತ್ರಿ, ನಮ್ಮ ಪರಂಪರೆ ಉಳೀತು!” ರಾಯಣ್ಣ ಕುಣಿದಾಡಿದ.

ಅಧ್ಯಕ್ಷರು ಹೊರಡುವಾಗ ಬರೆದಿಟ್ಟಿದ್ದ ಸಂದರ್ಶಕರ ಪುಸ್ತಕವನ್ನು ಶ್ರೀವಾಣಿ ತೆರೆದಳು. ಅಧ್ಯಕ್ಷರ ಸಹಿಯ ಕೆಳಗೆ ‘ಮಾಜಿ ನಾಯಕ, ಕಂಪ್ಲಿ ತಂಡ, 1987’ ಎಂದಿತ್ತು. ಮೇಲೆ ಷರಾ:

‘ಪ್ರದರ್ಶನ ಅಚ್ಚುಕಟ್ಟಾಗಿದೆ. ಆದರೆ ಮುಖ್ಯ ವಸ್ತುವೇ ಪೆಟ್ಟಿಗೆಯಲ್ಲಿಲ್ಲ. ಹತ್ತಕ್ಕೆ ನಾಲ್ಕು.’