ತಪ್ಪು ಮಾಡದವರ ಬಸ್ಕಿ

ನಮ್ಮ ಭಾವನನ್ನು ಇನ್ನೂ ಯಾರೂ ಹಿಡಿದು ಕಟ್ಟಿಹಾಕಿಲ್ಲವೆಂದರೆ ಅದಕ್ಕೆ ಕಾರಣ ಒಂದೇ: ಅವರು ಒಂದು ಕಡೆ ನಿಲ್ಲುವುದಿಲ್ಲ! ನಂಜನಗೂಡಿನ ದೇವಸ್ಥಾನದ ಸಾಲಿನಲ್ಲಿ ಎಲ್ಲರೂ ಕೈಮುಗಿದು ನಿಂತಿದ್ದರೆ ಇವರದು ತುದಿಗಾಲಲ್ಲಿ ಏಳುವುದು, ಇಳಿಯುವುದು, ಮತ್ತೆ ಏಳುವುದು. ಒಮ್ಮೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದಾಗ, ಸೋಸಲೆ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಂದು ಹತ್ತಿರ ಬಂದು ಭಕ್ತಿಯಿಂದ, "ಏನ್ ಅರಕೆ ಸ್ವಾಮಿ?" ಎಂದು ಕೇಳಿತು.

"ಮಂಡಿನೋವಿಂದು ಕಣಜ್ಜಿ," ಎಂದರು ಭಾವ.

ಅಜ್ಜಿ ಕೂಡಲೇ ಚೀಲ ಕೆಳಗಿಟ್ಟು ತಾನೂ ಒಂಟಿಕಾಲಲ್ಲಿ ನಿಂತುಬಿಟ್ಟಿತು! ಅಥವಾ ನಿಂತಿತೆಂದು ಆಮೇಲೆ ನಾನೇ ಸೇರಿಸಿಕೊಂಡೆನೋ? ಎಲ್ಲವನ್ನೂ ಅನುಮಾನಿಸು ಎಂದು ಯೂನಿವರ್ಸಿಟಿಯಲ್ಲಿ ಕಲಿಸಿದರು. ಊರಿನದನ್ನೆಲ್ಲ ಅನುಮಾನಿಸಿ ಮುಗಿಸಿದ ಮೇಲೆ ಈಗ ನನ್ನ ನೆನಪಿನ ಸರದಿ ಬಂದಿದೆ.

ಈ ಭಾವ ಮೊದಲಿಂದ ಹೀಗಿರಲಿಲ್ಲ. ನಮ್ಮಕ್ಕನನ್ನು ಮದುವೆಯಾದ ಹೊಸತರಲ್ಲಿ, ಬಾಗಿಲಲ್ಲಿ ನಿಂತರೆ ಕಾಣುವ ಹಾಲಿನ ಬೂತಿಗೂ ಸ್ಕೂಟರ್ ಹತ್ತುತ್ತಿದ್ದ ಮನುಷ್ಯ! ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಆ ಶಾಲೆಗೆ ಆಟದ ಮೇಷ್ಟ್ರಿಲ್ಲ. ವೇಳಾಪಟ್ಟಿಯಲ್ಲಿ ಆಟದ ಪೀರಿಯಡ್ಡೇನೋ ಇತ್ತು, ಆದರೆ ಅದನ್ನು ಗಣಿತ ನುಂಗುತ್ತಿತ್ತು. ವ್ಯಾಯಾಮದ ತರಬೇತಿಗೆ ಒಬ್ಬರನ್ನು ಕಳಿಸಿ ಎಂದು ಮೇಲಿನಿಂದ ಸೂಚನೆ ಬಂದಾಗ ಹೆಡ್‌ಮಿಸ್ಸು ಸ್ಟಾಫ್ ರೂಮಿನಲ್ಲಿ ಒಮ್ಮೆ ಕಣ್ಣಾಡಿಸಿದರು. ಭಾವನ ಹೊಟ್ಟೆಯ ಮೇಲೆ ಆ ಕಣ್ಣು ನಿಂತಿತು. ಗೊಣಗುತ್ತ ಹೋದ ಭಾವ ವಾಪಸು ಬಂದದ್ದು ಕೊರಳಿಗೆ ಸೀಟಿ ನೇತುಹಾಕಿಕೊಂಡು!

"ಮಕ್ಕಳು ದಿನಾ ಸ್ವಲ್ಪ ಮೈ ಬಗ್ಗಿಸಿದ್ರೆ ಲೆಕ್ಕ ತಾನಾಗೇ ತಲೆಗೆ ಹತ್ತತ್ತೆ ಕಣೋ."

"ಅದಕ್ಕೆ ಪುರಾವೆ ಏನು ಭಾವ?"

"ಬಗ್ಗಿಸದೇ ಇದ್ರೆ ಏನಾಗತ್ತೆ ಅನ್ನೋದಕ್ಕೆ ನೀನೇ ಇದೀಯಲ್ಲ!"

ಅಡುಗೆಮನೆಯಿಂದ ಅಕ್ಕ ನಕ್ಕ ಸದ್ದು ಕೇಳಿತು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಮೊದಲ ದಿನ ಮೂರನೇ ಕ್ಲಾಸಿನ ಮಕ್ಕಳನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಸೀಟಿ ಊದಿ, "ಎಲ್ರೂ ಬಸ್ಕಿ!" ಎಂದರಂತೆ. ಮಕ್ಕಳ ಮುಖ ಬಿಳಿಚಿಕೊಂಡಿತು.

"ಓಮ್‌ವರ್ಕ್ ಮಾಡಿವ್ನಿ ಸಾ!"

"ಮಾತಾಡಿದ್ದು ನಾನಲ್ಲ ಸಾ, ಇವ್ನು!"

"ಲೇ, ಸುಳ್ಳು ಬೊಗಳ್‌ಬ್ಯಾಡ ಕಣ್ಲಾ!"

ಭಾವ ಬಾಯಿ ತೆರೆಯುವುದರೊಳಗೆ ಹಳೆಯ ಅಪರಾಧಗಳೆಲ್ಲ ಹೊರಬಂದವು. ಕಿಟಕಿ ಗಾಜು ಒಡೆದವನು ಒಪ್ಪಿಕೊಂಡ. ಬಿಸಿಯೂಟದಲ್ಲಿ ಪಕ್ಕದವಳ ಮೊಟ್ಟೆ ತಿಂದವಳು ಅತ್ತಳು. ಭಾವ ಮಾತ್ರ ಯಾಕೆಂದು ಹೇಳದೆ, ಎಣಿಸಿ ಎಲ್ಲರಿಂದಲೂ ಬಸ್ಕಿ ಹೊಡೆಸಿಯೇ ಬಿಟ್ಟರು. ಪಾಪ, ಮಕ್ಕಳದೇನು ತಪ್ಪು? ತಡವಾಗಿ ಬಂದರೆ ಮೈದಾನ ಸುತ್ತು, ಹೋಮ್‌ವರ್ಕ್ ಇಲ್ಲದಿದ್ದರೆ ಬಸ್ಕಿ, ಮಾತಾಡಿದರೆ ಒಂಟಿಕಾಲು. ನಮ್ಮ ಕಡೆ ಮೈ ಬಗ್ಗಿಸುವುದೆಂದರೆ ಶಿಕ್ಷೆ ಅನುಭವಿಸುವುದು. ನಾನೂ ಹಾಗೇ ಬೆಳೆದವನು. ಈಗಲೂ ಯಾರಾದರೂ ಬೆಳಿಗ್ಗೆ ಬಿರುಸಾಗಿ ವಾಕಿಂಗ್ ಹೋಗುತ್ತಿದ್ದರೆ, ಇವರೇನು ಮಾಡಿರಬಹುದು ಎಂದೇ ಮೊದಲು ಯೋಚಿಸುತ್ತೇನೆ!

ಈ ಕಥೆಯನ್ನು ಭಾವ ಊಟಕ್ಕೆ ಕೂತಾಗಲೆಲ್ಲ ಹೇಳಿ ನಗಿಸುತ್ತಿದ್ದರು. ಹಾಗೊಂದು ಊಟದ ನಡುವೆಯೇ ಹೆಡ್‌ಮಿಸ್ಸಿನ ಫೋನ್ ಬಂತು. ಮೂಗೂರಿನ ಕಡೆಯಿಂದ ಬಂದು ಆ ಕ್ಲಾಸಿಗೆ ಹೊಸದಾಗಿ ಸೇರಿದ್ದ ಒಂದು ಹುಡುಗಿ, ಆ ಬಸ್ಕಿಯ ದಿನದಿಂದ ಶಾಲೆಗೆ ಬಂದಿಲ್ಲ. ಅವಳಪ್ಪ ಲಗೇಜ್ ಆಟೋ ಓಡಿಸುವವನು, ಟಿ.ಸಿ. ಕೇಳುತ್ತಿದ್ದಾನೆ. "ನಾಳೆ ಬರ್ತಾರಂತೆ. ನೀವೂ ಇರಿ. ದಯವಿಟ್ಟು ಆ ಸೀಟಿ ಮನೇಲೇ ಬಿಟ್ಟು ಬನ್ನಿ."

ಭಾವ ಅರ್ಧ ಊಟಕ್ಕೇ ಎದ್ದರು. "ಆ ಮಗು ಅಳ್ತಿತ್ತಾ? ನಾನು ಮುಂದೆ ನಿಂತು ಜೋರಾಗಿ ಎಣಿಸ್ತಾ ಇದ್ದೆ. ನೋಡ್ಲೇ ಇಲ್ವಲ್ಲೋ..." ಕೈ ತೊಳೆದು ಬಂದವರು ಮತ್ತೆ ಅದೇ ಮಾತು. "ಟಿ.ಸಿ. ತಗೊಂಡ್ಮೇಲೆ ಬೇರೆ ಶಾಲೆಗೆ ಸೇರಿಸ್ತಾನೋ, ಮನೇಲೇ ಕೂರಿಸ್ತಾನೋ, ಯಾರಿಗೆ ಗೊತ್ತು?"

"ನೀನೂ ಜೊತೆಗೆ ಹೋಗು," ಎಂದಳು ಅಕ್ಕ ನನಗೆ. "ಅಷ್ಟು ಓದಿದೀಯ, ಏನಾದ್ರೂ ಮಾತಾಡು."

ಮರುದಿನ ಬಸ್ಸಿನಲ್ಲಿ ನಾನು ವಾದ ಜೋಡಿಸುತ್ತಿದ್ದೆ. ಭಾವ ಕಿಟಕಿಯ ಪಕ್ಕ ಕೂತಿದ್ದರು. ಕೂತೇ ಇದ್ದರು! ಕತ್ತು ತಿರುಗಿಸಲಿಲ್ಲ, ಮಣಿಕಟ್ಟು ಆಡಿಸಲಿಲ್ಲ. ನನಗೆ ನಿಜವಾಗಿ ಭಯ ಹುಟ್ಟಿದ್ದು ಆಗಲೇ.

"ಒಂದ್ಸಲ ಭುಜನಾದ್ರೂ ಕುಣಿಸಿ ಭಾವ."

"ಸುಮ್ನಿರೋ."

ಹೆಡ್‌ಮಿಸ್ಸಿನ ಕೋಣೆಯಲ್ಲಿ ಹುಡುಗಿಯ ಅಪ್ಪ ನಿಂತಿದ್ದ. ಕಟ್ಟುಮಸ್ತಾದ ಆಳು. ಆಟೋ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ. ಹುಡುಗಿ ಅವನ ಬೆನ್ನ ಹಿಂದೆ. ನಮಗೆ ಕಾಣುತ್ತಿದ್ದುದು ಒಂದು ಜಡೆ ಮಾತ್ರ. ನಾನು ಗಂಟಲು ಸರಿಮಾಡಿಕೊಂಡು, "ನೋಡಿ, ಶಿಕ್ಷೆ ಎಂಬ ಪರಿಕಲ್ಪನೆಯನ್ನ ನಾವು..." ಎಂದೆ.

"ನೀವ್ ಯಾರ್ ಸಾ?"

ನನ್ನ ವಾದ ಅಲ್ಲಿಗೆ ಮುಗಿಯಿತು!

ಅವನು ಭಾವನ ಕಡೆ ತಿರುಗಿದ. "ಜಗಳಕ್ ಬಂದಿಲ್ಲ ಸಾ. ಇವ್ಳು ಏನ್ ತಪ್ ಮಾಡುದ್ಲು ಅಂತ ಯೋಳ್ಬುಡಿ, ಸಾಕು. ಮೇಷ್ಟ್ರು ಬಸ್ಕಿ ಒಡುಸುದ್ರು ಅಂದ್ಲು. ಯಾಕವ್ವ ಅಂದ್ರೆ ಗೊತ್ತಿಲ್ಲ ಅಂತಾಳೆ. ಸುಳ್ ಯೋಳ್ತಾವ್ಳೆ ಅಂತ ನಾನೂ ಎಲ್ಡ್ ಬಾರುಸ್ದೆ. ಆಗ್ಲೂ ಗೊತ್ತಿಲ್ಲ ಅಂತ್ಲೇ ಅತ್ಲು. ಬಾಯ್ಬುಟ್ಟು ಯೋಳಾಕಾಗ್ದೆ ಇರೋವಂಥದ್ದು ಅಂಗೇನ್ ಮಾಡುದ್ಲು ಸಾ?"

"ಏನೂ ಮಾಡಿಲ್ಲ ಕಣಪ್ಪ."

"ಏನೂ ಮಾಡ್ದೇ ಇದ್ರೆ ಬಸ್ಕಿ ಒಡುಸ್ತಾರಾ ಸಾ?"

ಮಂಡಿಗೆ ಒಳ್ಳೆಯದು, ಎದೆಗೆ ಒಳ್ಳೆಯದು, ಬುದ್ಧಿಗೆ ಒಳ್ಳೆಯದು ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ ಭಾವ ಹೋಗಿ ಆ ಜಡೆ ಕಾಣುವ ಕಡೆಗೆ ಮುಖ ಮಾಡಿ ನಿಂತರು. ಎರಡೂ ಕೈಯಿಂದ ಕಿವಿ ಹಿಡಿದುಕೊಂಡರು. ಕುಕ್ಕರಿಸಿದರು, ಎದ್ದರು, ಮತ್ತೆ ಕುಕ್ಕರಿಸಿದರು. "ತಪ್ಪು ನಂದು ಕಣವ್ವ. ಯಾಕೆ ಅಂತ ಮೊದ್ಲೇ ಹೇಳ್ಬೇಕಿತ್ತು. ನೀನು ಏನೂ ಮಾಡಿಲ್ಲ."

ಆಗ ಅವಳಪ್ಪನ ಕೈಯೂ ಕಿವಿಯ ಕಡೆ ಹೋಯಿತೆಂದು ನನ್ನ ನೆನಪು. ಹೆಡ್‌ಮಿಸ್ಸು ಒಪ್ಪುವುದಿಲ್ಲ, ಅವನು ಕಣ್ಣೊರೆಸಿಕೊಂಡನಷ್ಟೇ ಎನ್ನುತ್ತಾರೆ. ಭಾವನನ್ನು ಕೇಳಿದರೆ, "ನಾನು ನೆಲ ನೋಡ್ತಿದ್ದೆ ಕಣೋ," ಎನ್ನುತ್ತಾರೆ. ಇರಲಿ. ಮುಂದಿನದರ ಬಗ್ಗೆ ಮಾತ್ರ ನಮ್ಮ ಮೂವರಲ್ಲೂ ಜಗಳವಿಲ್ಲ.

ಕುಕ್ಕರಿಸಿದ್ದ ಭಾವನಿಗೆ ಏಳಲಾಗಲಿಲ್ಲ. ಭಾರದ ಮೈ ಅತ್ತಿತ್ತ ವಾಲಿತು. ಆ ಮಗು ಅಪ್ಪನ ಬೆನ್ನ ಹಿಂದಿನಿಂದ ಈಚೆ ಬಂತು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎರಡೂ ಕೈಗಳನ್ನು ಕಿವಿಯಿಂದ ಕೆಳಗಿಳಿಸಿ, ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿತು.

"ಎದ್ದೇಳಿ ಸಾ," ಎಂದಿತು. "ನಾನ್ ಇಡ್ಕಂಡಿವ್ನಿ."